ಪಂಚಾಂಗದ (ಮನೆಯ ಅಡಿಪಾಯದ) ಅಡಿಯಲ್ಲಿ ಶೇಡಿ ಮಣ್ಣು, ಕಾಂಟ್ರಾಕ್ಟರ್ 4.6 ಲಕ್ಷ ಹೆಚ್ಚು ಕೇಳ್ತಿದ್ದಾರೆ. ಕೊಡಬೇಕಾ?

ಕಟಪಾಡಿ ಮನೆ · ಸೆಪ್ಟೆಂಬರ್ 14, 2025

ನಮಸ್ಕಾರ. ನಾನು ಇರುವುದು ದುಬೈಯಲ್ಲಿ, ಮನೆ ಕಟ್ಟಿಸ್ತಾ ಇರುವುದು ಕಟಪಾಡಿ ಹತ್ತಿರ ಅಪ್ಪನ ಜಾಗದಲ್ಲಿ. 1,650 ಚದರಡಿ, ಚದರಡಿಗೆ 2,150 ರೂಪಾಯಿ, ಮೆಟೀರಿಯಲ್ ಸಮೇತ. ಒಟ್ಟು 35,47,500. ಫೆಬ್ರವರಿಯಲ್ಲಿ ಸ್ಟಾಂಪ್ ಪೇಪರಿನಲ್ಲಿ ಎಗ್ರಿಮೆಂಟ್ ಆಯಿತು.

ಮೇ ಮೊದಲ ವಾರ ಪಂಚಾಂಗಕ್ಕೆ ಅಗೆದರು. ಮೇಲಿನ ಎರಡೂವರೆ ಅಡಿ ಗಟ್ಟಿ ಮುರ (ಕೆಂಪುಕಲ್ಲಿನ ಪದರ). ಅದರ ಕೆಳಗೆ ಬಿಳಿ, ಗುಲಾಬಿ, ಅಲ್ಲಲ್ಲಿ ಹಳದಿ ಪಟ್ಟೆ ಇರುವ ಶೇಡಿ ಮಣ್ಣು. ಒಣಗಿದ್ದಾಗ ಅದೂ ಪಿಕ್ಕಾಸಿಗೆ ಬಗ್ಗದಷ್ಟು ಗಟ್ಟಿಯೇ ಇತ್ತು ಅಂತ ಅಪ್ಪ ಹೇಳಿದ್ದರು. ಅಷ್ಟರಲ್ಲಿ ಮಳೆ ಬಂತು. ಈ ವರ್ಷ ಕೇರಳಕ್ಕೆ ಮೇ 24ಕ್ಕೇ ಮುಂಗಾರು ಬಂದದ್ದು ನೆನಪಿರಬಹುದು, ನಮ್ಮಲ್ಲಿ ಅದಕ್ಕೂ ಮೊದಲೇ ಸುರಿಯಲು ಶುರು. ಕಣಿ (ಅಗೆದ ಕಾಲುವೆ) ಪೂರ್ತಿ ನೀರು. ಪಂಪ್ ಇಟ್ಟು ಖಾಲಿ ಮಾಡಿದ ಮೇಲೆ ಕೆಲಸದವನೊಬ್ಬ ಇಳಿದರೆ ಮೊಣಕಾಲಿನವರೆಗೆ ಹೂತು ಹೋದ. ಅಪ್ಪ ವಿಡಿಯೋ ಕಾಲಿನಲ್ಲಿ ತೋರಿಸಿದರು, ಕೈಯಲ್ಲಿ ಹಿಂಡಿದರೆ ಕಡೆದ ಉದ್ದಿನ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಹೊರಗೆ ಬರ್ತಿತ್ತು.

ಕಾಂಟ್ರಾಕ್ಟರ್ ಇನ್ನೂ ಆಳಕ್ಕೆ ಹೋಗಬೇಕು ಅಂದರಂತೆ. ಅಪ್ಪ "ಆಯ್ತು, ಮಾಡಿ" ಅಂದರಂತೆ. ನನಗೆ ಹಣದ ವಿಷಯ ಯಾರೂ ಹೇಳಲಿಲ್ಲ. ಈಗ ಮಳೆ ಕಡಿಮೆಯಾಗಿ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ ಒಂದು ಚೀಟಿ ಬಂದಿದೆ: ಪಂಚಾಂಗ ಹೆಚ್ಚುವರಿ 3,10,000, ಕೆಂಪುಕಲ್ಲು ರೇಟ್ ಏರಿದ್ದು 95,000, ಮಳೆಯಲ್ಲಿ ಕೆಲಸ ನಿಂತದ್ದಕ್ಕೆ ಆಳು ಮತ್ತು ಸೆಂಟರಿಂಗ್ ಸಾಮಾನಿನ ಬಾಡಿಗೆ 55,000. "ಇದೆಲ್ಲ ನಿರೀಕ್ಷೆ ಇಲ್ಲದ್ದು, ಯಾರ ಕೈಯಲ್ಲೂ ಇರಲಿಲ್ಲ" ಅನ್ನುವುದು ಅವರ ವಾದ. ಕೊಡದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲವಂತೆ. ಏನು ಮಾಡಬೇಕು?

ಊರಿನ ಹಿತೈಷಿ · ಸೆಪ್ಟೆಂಬರ್ 14

ಒಂದು ಪೈಸೆ ಕೊಡಬೇಡಿ. ದುಬೈ ಪಾರ್ಟಿ ಅಂದ ಕೂಡಲೇ ಇವರಿಗೆ ಎಲ್ಲ ಕಡೆ ಶೇಡಿ ಸಿಗ್ತದೆ.

ಬೈಂದೂರು ಬಸ್ಸು · ಸೆಪ್ಟೆಂಬರ್ 14

ಹ್ವಾಯ್, ಉಡುಪಿಯಂಗೆ ಮಳಿ ಬಪ್ಪುದ್ ನಿರೀಕ್ಷೆ ಇಲ್ದಿದ್ ವಿಷ್ಯ ಅಂಬ್ರಾ? ಹಂಗಾರೆ ಮುಂದಿನ್ ವರ್ಷ ಸಮುದ್ರ ಕಂಡ್ರೂ ಎಕ್ಸ್‌ಟ್ರಾ ಬಿಲ್ ಹಾಕ್ತ್ರ್ ಕಾಣಿ 😄

ಸೈಟ್ ಇಂಜಿನಿಯರ್ · ಸೆಪ್ಟೆಂಬರ್ 14, ರಾತ್ರಿ

ಹಿತೈಷಿಯವರೇ, ಶೇಡಿ ಸುಳ್ಳಲ್ಲ. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ, ಗಟ್ಟಿ ಶಿಲೆಯ ಮೇಲೆ ಹೆಚ್ಚಿನ ಕಡೆ ಇದು ಇರ್ತದೆ. ಹೂಳಿನ ಅಂಶ ಜಾಸ್ತಿ ಇರುವ ಜೇಡಿ. ಒಣಗಿದ್ದಾಗ ಕಲ್ಲಿನ ಹಾಗೆ, ನೀರು ಕುಡಿದರೆ ಶಕ್ತಿ ಪೂರ್ತಿ ಬಿಟ್ಟುಕೊಡ್ತದೆ. ಗುಡ್ಡ ಕತ್ತರಿಸಿ ಮಾಡಿದ ರಸ್ತೆ, ಸೈಟುಗಳಲ್ಲಿ ಮಳೆಗಾಲದಲ್ಲಿ ದರೆ ಜಾರುವುದಕ್ಕೆ ಎಷ್ಟೋ ಕಡೆ ಕಾರಣ ಇದೇ. ಸುರತ್ಕಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯವರು ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಮೇ ತಿಂಗಳಲ್ಲಿ ಕಣಿ ನೋಡಿದವರಿಗೆ ಅದು ಮೋಸ ಮಾಡ್ತದೆ, ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಮುರದ ಮೇಲೆಯೇ ನಿಲ್ಲಿಸಿದ್ದರೆ ಎರಡು ಅಂತಸ್ತಿನ ಮನೆಗೆ ತೊಂದರೆ ಆಗ್ತಿರಲಿಲ್ಲವೋ ಏನೋ, ಪದರ ಎಷ್ಟು ದಪ್ಪ ಇತ್ತು ಅನ್ನುವುದರ ಮೇಲೆ ಅದು. ಅದನ್ನು ಕಡಿದು ಕೆಳಗೆ ಹೋದ ಮೇಲೆ ಹಿಂದೆ ಬರುವ ದಾರಿ ಇಲ್ಲ. ಹಾಗಾಗಿ ಆಳಕ್ಕೆ ಹೋದದ್ದು ತಾಂತ್ರಿಕವಾಗಿ ಸರಿ. ನನ್ನ ಪ್ರಶ್ನೆ ಎರಡು. ಮಣ್ಣು ಪರೀಕ್ಷೆ ಮಾಡಿಸಿದ್ದೀರಾ? ಡ್ರಾಯಿಂಗಿನಲ್ಲಿ ಪಂಚಾಂಗದ ಆಳ ಎಷ್ಟು ಬರೆದಿದೆ?

ಕಟಪಾಡಿ ಮನೆ · ಸೆಪ್ಟೆಂಬರ್ 15

ಮಣ್ಣು ಪರೀಕ್ಷೆ ಮಾಡಿಸಿಲ್ಲ. ಪಕ್ಕದ ಮನೆಯವರಿಗೆ ಏನೂ ಸಮಸ್ಯೆ ಆಗಿರಲಿಲ್ಲ ಅಂತ ಬಿಟ್ಟೆವು. ಡ್ರಾಯಿಂಗಿನಲ್ಲಿ 3 ಅಡಿ ಆಳ ಅಂತ ಉಂಟು. ಹೆಚ್ಚು ಆಳಕ್ಕೆ ಹೋದರೆ ಏನು ಅಂತ ಎಗ್ರಿಮೆಂಟಿನಲ್ಲಿ ಇಲ್ಲ. ಆದರೆ ಎರಡು ಸಾಲು ಉಂಟು: "ಒಪ್ಪಿದ ದರವು ಕೆಲಸ ಮುಗಿಯುವ ತನಕ ಬದಲಾಗತಕ್ಕದ್ದಲ್ಲ" ಮತ್ತು "ಮಳೆ ಇತ್ಯಾದಿ ಅನಿವಾರ್ಯ ಕಾರಣಗಳಿಂದ ವಿಳಂಬವಾದಲ್ಲಿ ಅವಧಿಯನ್ನು ವಿಸ್ತರಿಸಿ ಕೊಡತಕ್ಕದ್ದು".

ಕರಿ ಕೋಟು · ಸೆಪ್ಟೆಂಬರ್ 15

ನಾನು ಮಂಗಳೂರಿನಲ್ಲಿ ವಕೀಲೆ, ಇಂಥ ನಾಲ್ಕಾರು ವ್ಯಾಜ್ಯ ನಡೆಸಿದ ಅನುಭವದಿಂದ ಬರೆಯುತ್ತಿದ್ದೇನೆ. ನಿಮ್ಮ ಕಾಂಟ್ರಾಕ್ಟರ್ ಮೂರು ಬೇರೆ ಬೇರೆ ವಿಷಯವನ್ನು ಒಂದೇ ಚೀಟಿಯಲ್ಲಿ ಕೂಡಿಸಿ "ನಿರೀಕ್ಷೆ ಇಲ್ಲದ್ದು" ಅಂತ ಒಂದು ಹೆಸರು ಕೊಟ್ಟಿದ್ದಾರೆ. ಮೂರಕ್ಕೂ ಉತ್ತರ ಬೇರೆ.

ಮೊದಲು ಕಲ್ಲಿನ ರೇಟು. 1872ರ ಭಾರತೀಯ ಕರಾರು ಅಧಿನಿಯಮದ 56ನೇ ಕಲಮನ್ನು ಎಲ್ಲರೂ ಹಿಡಿದುಕೊಂಡು ಬರುತ್ತಾರೆ. ಕರಾರು ಆದ ಮೇಲೆ ಕೆಲಸ ಅಸಾಧ್ಯವೋ ಕಾನೂನುಬಾಹಿರವೋ ಆದರೆ ಕರಾರು ಶೂನ್ಯ ಎನ್ನುತ್ತದೆ ಅದು. 1954ರಲ್ಲಿ ಸತ್ಯವ್ರತ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ "ಅಸಾಧ್ಯ" ಎಂಬುದಕ್ಕೆ ಸ್ವಲ್ಪ ವಿಶಾಲ ಅರ್ಥ ಕೊಟ್ಟಿತು, ಕರಾರಿನ ಬುಡವೇ ಕುಸಿದಿದ್ದರೂ ಸಾಕು ಎಂದಿತು. ಆದರೆ ಆ ಪ್ರಕರಣದಲ್ಲೇ ಕರಾರು ಶೂನ್ಯವಾಗಿಲ್ಲ ಎಂದು ತೀರ್ಪಾಯಿತು! ಯುದ್ಧಕಾಲದಲ್ಲಿ ಸರ್ಕಾರ ಜಾಗವನ್ನು ವಶಕ್ಕೆ ತೆಗೆದುಕೊಂಡಿದ್ದರೂ ಅದು ತಾತ್ಕಾಲಿಕ ಎಂಬುದು ಕಾರಣ.

ಬೆಲೆ ಏರಿಕೆಯ ವಿಷಯದಲ್ಲಂತೂ ನ್ಯಾಯಾಲಯ ಕಠಿಣ. 1960ರ ಅಲೋಪಿ ಪರ್ಷಾದ್ ಪ್ರಕರಣ ಸೈನ್ಯಕ್ಕೆ ತುಪ್ಪ ಪೂರೈಸುವ ಏಜೆಂಟರದ್ದು. ಮಹಾಯುದ್ಧ ಬಂತು, ಖರ್ಚು ಎಲ್ಲಿಗೋ ಹೋಯಿತು, ಹೆಚ್ಚು ದರ ಕೊಡಿ ಎಂದರು. ಸಿಗಲಿಲ್ಲ. 2017ರಲ್ಲಿ ಇಂಡೋನೇಷ್ಯಾದ ಕಲ್ಲಿದ್ದಲು ದುಬಾರಿಯಾಯಿತು ಎಂದು ವಿದ್ಯುತ್ ಕಂಪನಿಗಳು ಬಂದಾಗಲೂ ಅದೇ ಉತ್ತರ. ಕೆಲಸ ದುಬಾರಿಯಾಯಿತು ಎಂಬ ಮಾತ್ರಕ್ಕೆ ಕರಾರಿನಿಂದ ಬಿಡುಗಡೆ ಇಲ್ಲ. ನಿಮ್ಮಲ್ಲಿ "ದರ ಬದಲಾಗತಕ್ಕದ್ದಲ್ಲ" ಎಂದು ಬೇರೆ ಇದೆ. ಆ 95,000 ಕಾನೂನಿನಲ್ಲಿ ನಿಲ್ಲುವುದಿಲ್ಲ.

ಮಳೆಯದ್ದೂ ಸುಲಭ. ಅವಧಿ ವಿಸ್ತರಣೆ ಕೊಡಬೇಕು ಎಂದು ನೀವೇ ಬರೆದುಕೊಟ್ಟಿದ್ದೀರಿ, ಕೊಡಿ. ಹಣ ಕೊಡುತ್ತೇನೆ ಎಂದು ಬರೆದಿಲ್ಲ. ಇಂಗ್ಲೆಂಡಿನ 1956ರ ಡೇವಿಸ್ ಕಾಂಟ್ರಾಕ್ಟರ್ಸ್ ಪ್ರಕರಣ ಇದಕ್ಕೆ ಹತ್ತಿರದ್ದು. 78 ಮನೆ 8 ತಿಂಗಳಲ್ಲಿ ಕಟ್ಟುತ್ತೇವೆಂದವರಿಗೆ ಆಳು ಸಿಗದೆ 22 ತಿಂಗಳು ಹಿಡಿಯಿತು. ಮೂಲ ಕರಾರು ಸತ್ತಿದೆ, ಆದ ಖರ್ಚು ಕೊಡಿ ಎಂದರು, ಸೋತರು.

ಪಂಚಾಂಗದ್ದೇ ಬೇರೆ ಕಥೆ. ನೀವು ಒಪ್ಪಿದ್ದು 3 ಅಡಿಯ ಡ್ರಾಯಿಂಗಿಗೆ. ಅದಕ್ಕಿಂತ ಆಳಕ್ಕೆ ಮಾಡಿದ ಕೆಲಸ ಆ 35 ಲಕ್ಷದೊಳಗೆ ಬರುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಬರುವುದಿಲ್ಲ ಎಂದಾದರೆ 70ನೇ ಕಲಮು ಇದೆ: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬರು ಪಡೆದುಕೊಂಡಿದ್ದರೆ ಅದಕ್ಕೆ ಪರಿಹಾರ ಕೊಡಬೇಕು. ಮನೆ ಆ ಪಂಚಾಂಗದ ಮೇಲೆಯೇ ನಿಲ್ಲುತ್ತದಲ್ಲ.

ಕಟಪಾಡಿ ಮನೆ · ಸೆಪ್ಟೆಂಬರ್ 15

ಮೇಡಂ, ಆದರೆ ಒಪ್ಪಿದ್ದು ಅಪ್ಪ, ನಾನಲ್ಲ. ಎಗ್ರಿಮೆಂಟಿಗೆ ಸಹಿ ಹಾಕಿದವ ನಾನು.

ಕರಿ ಕೋಟು · ಸೆಪ್ಟೆಂಬರ್ 15

ಇಷ್ಟು ದಿನ ಸೈಟಿನಲ್ಲಿ ನಿಂತು ಸಿಮೆಂಟ್ ಇಳಿಸಿಕೊಂಡವರು, ಕೆಲಸದವರಿಗೆ ಹೀಗೆ ಮಾಡಿ ಹಾಗೆ ಮಾಡಿ ಎಂದವರು ಯಾರು? ಅಪ್ಪನೇ ಅಲ್ಲವೇ. ಏಜೆಂಟನ ಅಧಿಕಾರವನ್ನು ಬರೆದೇ ಕೊಡಬೇಕೆಂದಿಲ್ಲ, ನಡೆದುಕೊಂಡ ರೀತಿಯಿಂದಲೂ ಬರುತ್ತದೆ, 186 ಮತ್ತು 187ನೇ ಕಲಮು ನೋಡಿ. ಅಪ್ಪನ "ಆಯ್ತು" ನಿಮ್ಮದೇ "ಆಯ್ತು" ಎಂದು ಎದುರು ವಕೀಲರು ಐದು ನಿಮಿಷದಲ್ಲಿ ಸಾಧಿಸುತ್ತಾರೆ. ಆದರೆ ಅಪ್ಪ ಕೆಲಸಕ್ಕೆ ಆಯ್ತು ಎಂದದ್ದು, 3,10,000ಕ್ಕೆ ಅಲ್ಲ. ಜಗಳ ಮಾಡುವುದಿದ್ದರೆ ಆ ಅಂಕಿಯ ಮೇಲೆ ಮಾಡಿ.

ಮೂಡಬಿದ್ರೆ ಕಾಂಟ್ರಾಕ್ಟ್ · ಸೆಪ್ಟೆಂಬರ್ 16

ಎಲ್ಲರೂ ಕಾಂಟ್ರಾಕ್ಟರನ್ನೇ ಕಳ್ಳ ಮಾಡ್ತಿದ್ದೀರಿ, ಹಾಗಾಗಿ ನಾನೂ ಒಂದು ಮಾತು ಹೇಳ್ತೇನೆ. ನಾನು 19 ವರ್ಷದಿಂದ ಮನೆ ಕೆಲಸ ಮಾಡುವವ.

ಈ ವರ್ಷ ಕಲ್ಲಿನ ವಿಷಯ ಯಾರಿಗೆ ಗೊತ್ತಿತ್ತು ಮಾರಾಯ್ರೆ? ಫೆಬ್ರವರಿಯಲ್ಲಿ ಫೋನ್ ಮಾಡಿದರೆ ಸಂಜೆಗೆ ಲೋಡು ಬರ್ತಿತ್ತು. ದಕ್ಷಿಣ ಕನ್ನಡದಲ್ಲಿ ಕೋರೆಗಳು ಪರವಾನಗಿಯ ತಕರಾರಿನಲ್ಲಿ ನಿಂತವು. ನಾನು ಕಲ್ಲಿಗೆ 38ರ ಲೆಕ್ಕದಲ್ಲಿ ಕೆಲಸ ಹಿಡಿದಿದ್ದೆ, ಲೋಡಿನವ 55 ಹೇಳಿದ, ಮರುದಿನ ಫೋನೇ ಎತ್ತಲಿಲ್ಲ. ಹೊಯ್ಗೆಯದ್ದು (ಮರಳಿನದ್ದು) ಪ್ರತಿ ವರ್ಷದ ರಾಮಾಯಣ, ಅದನ್ನು ನಾವು ರೇಟಿನಲ್ಲೇ ಸೇರಿಸಿ ಬಿಡ್ತೇವೆ. ಕಲ್ಲು ಹೀಗಾಗ್ತದೆ ಅಂತ ಸೇರಿಸಲಿಕ್ಕೆ ನಾವೇನು ಜೋಯಿಸರಾ?

ಕಾನೂನಿನಲ್ಲಿ ಸಿಗುವುದಿಲ್ಲ ಅಂತ ಮೇಡಂ ಹೇಳಿದ್ದು ಸರಿ ಇರಬಹುದು. ಆದರೆ ಕೆಲಸ ಬಿಟ್ಟು ಹೋದರೆ ಉಳಿದದ್ದನ್ನು ಅದೇ ರೇಟಿಗೆ ಮಾಡಲಿಕ್ಕೆ ಬೇರೆ ಯಾರೂ ಬರುವುದಿಲ್ಲ, ಅದೂ ಗೊತ್ತಿರಲಿ. ಅರ್ಧ ಮನೆಗೆ ಕೈ ಹಾಕುವವ ಮೊದಲು ಹಿಂದಿನವನ ತಪ್ಪು ಹುಡುಕ್ತಾನೆ, ಆಮೇಲೆ ರೇಟು ಹೇಳ್ತಾನೆ.

ಒಂದು ಒಪ್ಪಿಕೊಳ್ತೇನೆ. ಶೇಡಿ ಸಿಕ್ಕಿದ ದಿನವೇ ಯಜಮಾನರಿಗೆ ಅಂದಾಜು ಹೇಳದೆ ನಾಲ್ಕು ತಿಂಗಳ ಮೇಲೆ ಚೀಟಿ ಕೊಟ್ಟದ್ದು ಅವರ ತಪ್ಪು. ನಾನಾಗಿದ್ದರೆ ಆವತ್ತೇ ವಾಟ್ಸಾಪ್ ಹಾಕ್ತಿದ್ದೆ.

ಸರ್ಕಾರಿ ಅಳತೆ · ಸೆಪ್ಟೆಂಬರ್ 16

ನಿವೃತ್ತ ಇಂಜಿನಿಯರ್ ನಾನು. ಮೂಡಬಿದ್ರೆಯವರ ಕೊನೆಯ ಸಾಲು ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ದೊಡ್ಡ ಕಾಮಗಾರಿಗಳಲ್ಲಿ ಈ ಜಗಳಕ್ಕೆಲ್ಲ ಮೊದಲೇ ಜಾಗ ಮಾಡಿರುತ್ತಾರೆ. ಅಂತರರಾಷ್ಟ್ರೀಯವಾಗಿ ಬಳಸುವ ಫಿಡಿಕ್ ಕರಾರಿನಲ್ಲಿ ನೆಲದಡಿ ಊಹಿಸಲಾಗದ ಸ್ಥಿತಿ ಎದುರಾದರೆ ಅದಕ್ಕೊಂದು ಪ್ರತ್ಯೇಕ ಷರತ್ತು, ಕಾನೂನು ಬದಲಾದರೆ ಇನ್ನೊಂದು, ಬೆಲೆ ಬದಲಾದರೆ ಮತ್ತೊಂದು. ಆದರೆ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡದಿದ್ದರೆ ಹಕ್ಕೇ ಹೋಗುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನಲ್ಲಿ 10ಸಿಸಿ ಎಂಬ ಷರತ್ತಿದೆ. ದೀರ್ಘಾವಧಿ ಕೆಲಸಗಳಲ್ಲಿ ಸಾಮಗ್ರಿ, ಕೂಲಿಯ ಸೂಚ್ಯಂಕ ಎಷ್ಟು ಏರಿತು ಇಳಿಯಿತು ಎಂದು ಸೂತ್ರ ಹಾಕಿ ಲೆಕ್ಕ ಮಾಡುವುದು. ಅಲ್ಲಿ ಯಾರೂ ಯಾರ ಕಾಲಿಗೂ ಬೀಳಬೇಕಿಲ್ಲ. ಅಂದಹಾಗೆ ಸೂಚ್ಯಂಕ ಇಳಿದರೆ ಬಿಲ್ಲಿನಿಂದ ಹಣ ಕಡಿತವೂ ಆಗುತ್ತದೆ. ಅದು ಬಹಳ ಗುತ್ತಿಗೆದಾರರಿಗೆ ಕಡಿತವಾದ ದಿನವೇ ಗೊತ್ತಾಗುವುದು.

ನಮ್ಮ ಕಾಲದಲ್ಲಿ ಅಗೆತದ ಬಿಲ್ಲಿನಲ್ಲಿ ದಿನವೂ ಇದ್ದ ಜಗಳ ಒಂದೇ: ಇದು ಮೆತ್ತನೆ ಮಣ್ಣೋ, ಮುರವೋ, ಪಾದೆಯೋ (ಬಂಡೆಯೋ). ದರ ಬೇರೆ ಬೇರೆ. ಹಾಗಾಗಿ ಗುಂಡಿ ತೆರೆದಿರುವಾಗಲೇ ನಾನು ಮತ್ತು ಗುತ್ತಿಗೆದಾರ ಇಬ್ಬರೂ ಇಳಿದು ಟೇಪು ಹಿಡಿದು ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಿದ್ದೆವು. ಮಣ್ಣು ಮುಚ್ಚಿದ ಮೇಲೆ ಹೇಳಿದ ಅಳತೆಯನ್ನು ನನ್ನ ಮೇಲಧಿಕಾರಿ ಒಮ್ಮೆ ನನ್ನೆದುರೇ ಹರಿದು ಹಾಕಿದ್ದರು.

ಕಟಪಾಡಿಯವರೇ, ಈಗಲೂ ಕೈ ಮೀರಿಲ್ಲ. ಗೋಡೆಯ ಹೊರಬದಿ ಮೂರ್ನಾಲ್ಕು ಕಡೆ ಗುಂಡಿ ತೋಡಿಸಿ, ಪಂಚಾಂಗದ ಬುಡ ಕಾಣುವವರೆಗೆ. ಕಾಂಟ್ರಾಕ್ಟರ್ ಎದುರಿಗೇ ಅಳೆಯಿರಿ. ಆ ವಾರದ ಜೆಸಿಬಿ ಗಂಟೆಯ ಚೀಟಿ, ಪಂಪ್ ಬಾಡಿಗೆ, ಜಲ್ಲಿಯ ಲೋಡಿನ ಚೀಟಿ ಕೇಳಿ. ಅಪ್ಪನ ಫೋನಿನಲ್ಲಿ ಎಷ್ಟು ಫೋಟೋ ಇದೆ ನೋಡಿ.

ಅತ್ತಾವರ ಫ್ಲಾಟ್ · ಸೆಪ್ಟೆಂಬರ್ 17

ಮಧ್ಯೆ ನನ್ನದೊಂದು. ನಮ್ಮ ಬಿಲ್ಡರ್ ಫ್ಲಾಟ್ ಕೊಡಲು ತಡ ಮಾಡಿ "ಫೋರ್ಸ್ ಮೆಜೂರ್" (ಕೈಮೀರಿದ ಕಾರಣ) ಅಂತ ಪತ್ರ ಕಳಿಸಿದ್ದಾರೆ, ಕಾರಣ ಕಲ್ಲು, ಮರಳು, ಕೂಲಿಯವರ ಕೊರತೆ. ಇದು ನಡೆಯುತ್ತದಾ?

ಕರಿ ಕೋಟು · ಸೆಪ್ಟೆಂಬರ್ 17

ನಿಮಗೆ ರೇರಾ (ರಿಯಲ್ ಎಸ್ಟೇಟ್ ಕಾಯಿದೆ) ಇದೆ, ಕಟಪಾಡಿಯವರಿಗೆ ಇಲ್ಲ, ಸ್ವಂತ ಜಾಗದಲ್ಲಿ ಸ್ವಂತಕ್ಕೆ ಕಟ್ಟಿಸುವ ಮನೆ ಅದರೊಳಗೆ ಬರುವುದಿಲ್ಲ. 2016ರ ಆ ಕಾಯಿದೆಯ 6ನೇ ಕಲಮಿನಲ್ಲಿ ಫೋರ್ಸ್ ಮೆಜೂರ್ ಎಂದರೆ ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ ಅಥವಾ ಪ್ರಕೃತಿಯಿಂದಾದ ಇತರ ವಿಪತ್ತು. ಕಲ್ಲಿನ ಕೊರತೆ ಆ ಪಟ್ಟಿಯಲ್ಲಿಲ್ಲ. ಕೋವಿಡ್ ಸಮಯದಲ್ಲಿ 2020ರ ಮೇ 13ರಂದು ಕೇಂದ್ರವೇ ಸಲಹೆ ಹೊರಡಿಸಿ 6 ತಿಂಗಳು ಮುಂದಕ್ಕೆ ಹಾಕಿಸಿತ್ತು, ಅದು ವಿಶೇಷ ಸಂದರ್ಭ. ನಿಮ್ಮ ಕರಾರಿನ ದಿನಾಂಕ ದಾಟಿದ್ದರೆ 18ನೇ ಕಲಮಿನಲ್ಲಿ ಬಡ್ಡಿ ಕೇಳಬಹುದು. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಕಟಪಾಡಿಯವರಿಗೆ ಗ್ರಾಹಕರ ಆಯೋಗದ ದಾರಿ ಇದೆ, ಮನೆ ಕಟ್ಟಿಕೊಡುವುದೂ ಗ್ರಾಹಕ ಕಾಯಿದೆಯಲ್ಲಿ "ಸೇವೆ"ಯೇ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಉಡುಪಿ ಜಿಲ್ಲಾ ಆಯೋಗದಲ್ಲೇ ಹೂಡಬಹುದು. ಆದರೆ ನನ್ನನ್ನು ಕೇಳಿದರೆ ಇಷ್ಟಕ್ಕೆ ಅಲ್ಲಿಗೆ ಹೋಗಬೇಡಿ. ಗೆಲ್ಲುವ ಹೊತ್ತಿಗೆ ಮನೆಯ ಕಂಬಿ ತುಕ್ಕು ಹಿಡಿದಿರುತ್ತದೆ.

ಇನ್ನೊಂದು ಎಚ್ಚರ. ತಡಕ್ಕೆ ಪರಿಹಾರ ಕೇಳುವ ಯೋಚನೆ ಏನಾದರೂ ಇದ್ದರೆ, ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ತಿಳಿಸಬೇಕು. ಸುಮ್ಮನೆ ಒಪ್ಪಿಕೊಂಡು ಗೃಹಪ್ರವೇಶ ಮುಗಿಸಿ ಆಮೇಲೆ ಕೇಳಲು ಕರಾರು ಅಧಿನಿಯಮದ 55ನೇ ಕಲಮು ಬಿಡುವುದಿಲ್ಲ.

ಊರಿನ ಹಿತೈಷಿ · ಸೆಪ್ಟೆಂಬರ್ 17

ನಾನು ಮೊದಲು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು. ಶೇಡಿ ಅಂದರೆ ಇಷ್ಟು ಅಂತ ಗೊತ್ತಿರಲಿಲ್ಲ. ಆದರೂ ಗುಂಡಿ ತೋಡಿಸದೆ ಹಣ ಕೊಡಬೇಡಿ.

ಕಟಪಾಡಿ ಮನೆ · ಸೆಪ್ಟೆಂಬರ್ 23

ತೋಡಿಸಿದೆವು. ವಿಡಿಯೋದಲ್ಲಿ ನಾನಿದ್ದೆ, ಸೈಟಿನಲ್ಲಿ ಅಪ್ಪ, ಕಾಂಟ್ರಾಕ್ಟರ್, ಮತ್ತೆ ಉಡುಪಿಯಿಂದ ಕರೆಸಿದ ಒಬ್ಬ ಇಂಜಿನಿಯರ್.

ಪಂಚಾಂಗ ಒಟ್ಟು 260 ಅಡಿ ಉದ್ದ. ಚೀಟಿಯಲ್ಲಿ ಸುತ್ತಲೂ ಐದೂವರೆ ಅಡಿ ಅಂತ ಹಾಕಿದ್ದರು. ಪಶ್ಚಿಮ ಮತ್ತು ದಕ್ಷಿಣದಲ್ಲಿ ಐದೂವರೆ ಸರಿಯಾಗಿಯೇ ಇತ್ತು, ಟೇಪು ಹಿಡಿದಾಗ ಇಂಜಿನಿಯರ್ "ಒಳ್ಳೆ ಕೆಲಸ" ಅಂದರು. ಪೂರ್ವದಲ್ಲಿ ಗುಂಡಿ ನಾಲ್ಕು ಅಡಿಗೇ ಮುಗಿಯಿತು, ಅಲ್ಲಿ ಶೇಡಿ ಇಲ್ಲ, ಗಟ್ಟಿ ಮುರವೇ. ಕಾಂಟ್ರಾಕ್ಟರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಮೇಸ್ತ್ರಿ ನನಗೆ ಎಲ್ಲ ಕಡೆ ಒಂದೇ ಹೇಳಿದ್ದ" ಅಂದರು. ಇರಬಹುದು, ಇಲ್ಲದಿರಬಹುದು, ನಾನು ಮುಂದೆ ಕೇಳಲಿಲ್ಲ.

ಲೆಕ್ಕ ಹೀಗೆ: 150 ಅಡಿಗೆ ಎರಡೂವರೆ ಅಡಿ ಹೆಚ್ಚುವರಿ ಆಳ, 110 ಅಡಿಗೆ ಒಂದು ಅಡಿ. ಅವರದೇ ದರದಲ್ಲಿ ಹಾಕಿದರೆ 2,31,000 ಆಯಿತು. ಒಪ್ಪಿದೆ. ಮಳೆಯದ್ದು ಬಿಟ್ಟರು, ಬದಲಿಗೆ ಎರಡೂವರೆ ತಿಂಗಳ ಅವಧಿ ಬರೆದು ಕೊಟ್ಟೆ.

ಕಲ್ಲಿನ 95,000ಕ್ಕೆ ತುಂಬ ಚರ್ಚೆ ಆಯಿತು. ಕೊನೆಗೆ ಒಳಗಿನ ಗೋಡೆಗಳಿಗೆ ಕೆಂಪುಕಲ್ಲಿನ ಬದಲು ಸಿಮೆಂಟ್ ಬ್ಲಾಕ್ ಹಾಕಲಿಕ್ಕೆ ನಾನು ಒಪ್ಪಿದೆ, ಚದರಡಿ ರೇಟ್ ಇದ್ದ ಹಾಗೇ. ಹೊರಗೋಡೆಗೆ ಕೆಂಪುಕಲ್ಲೇ ಆಗಬೇಕು ಅಂತ ಅಪ್ಪನ ಹಠ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಇನ್ನು ಮುಂದೆ ಡ್ರಾಯಿಂಗ್ ಬಿಟ್ಟು ಏನೇ ಮಾಡುವುದಿದ್ದರೂ ಮೊದಲು ಮೆಸೇಜಿನಲ್ಲಿ ಅಂದಾಜು, ನಾನು ಒಪ್ಪಿದ ಮೇಲೆ ಕೆಲಸ ಅಂತಲೂ ಅದರಲ್ಲಿ ಉಂಟು.

ಮೇಡಂ, ಒಂದು ಪ್ರಶ್ನೆ ಬಾಕಿ. ನಿನ್ನೆಯಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆಯಲ್ಲ. ಇನ್ನೂ 400 ಚೀಲಕ್ಕಿಂತ ಹೆಚ್ಚು ಸಿಮೆಂಟ್ ಬೇಕು. ಏರಿದಾಗ ಕೇಳಿದವರು ಇಳಿದಾಗ ವಾಪಸ್ ಕೊಡಬೇಕಲ್ಲ?

ಕರಿ ಕೋಟು · ಸೆಪ್ಟೆಂಬರ್ 23

"ಒಪ್ಪಿದ ದರವು ಕೆಲಸ ಮುಗಿಯುವ ತನಕ ಬದಲಾಗತಕ್ಕದ್ದಲ್ಲ." ಬರೆಸಿದ್ದು ನೀವೇ ಅಲ್ಲವೇ?

ಮೂಡಬಿದ್ರೆ ಕಾಂಟ್ರಾಕ್ಟ್ · ಸೆಪ್ಟೆಂಬರ್ 23

ಮೇಡಂ ನಮ್ಮ ಕಡೆಗೂ ಒಮ್ಮೆ ಮಾತಾಡಿದ್ರಲ್ಲ, ದೇವರು ಉಂಟು 🙏

ಬೈಂದೂರು ಬಸ್ಸು · ಸೆಪ್ಟೆಂಬರ್ 24

ಅಪ್ಪಯ್ಯಂಗೆ ಯಾರಾರೂ ಒಂದ್ ಟೇಪು ತೆಗ್ದ್ ಕೊಡಿ.

ಕಟಪಾಡಿ ಮನೆ · ಸೆಪ್ಟೆಂಬರ್ 24

ಅವರೇ ತಗೊಂಡಿದ್ದಾರೆ, 100 ಅಡಿಯದ್ದು. ದಿನಾ ಸಂಜೆ ಟೇಪು ಹಿಡಿದ ಫೋಟೋ ಬರ್ತದೆ. ನಿನ್ನೆ ಬಂದದ್ದು ಬಾವಿಕಟ್ಟೆಯ ಅಳತೆ. ಬಾವಿ ಅಜ್ಜನ ಕಾಲದ್ದು, ಎಗ್ರಿಮೆಂಟಿನಲ್ಲೇ ಇಲ್ಲ.